ಗೊಬ್ಬರದ ಗುಂಡಿ, ಎರಡು ಕಾರು ಮತ್ತು ಮಾವನ ಬಸ್ಸು

ನಮ್ಮ ಸೊಸೈಟಿಯ ವಾರ್ಷಿಕ ಸಭೆ ಕಳೆದ ಸೆಪ್ಟೆಂಬರಿನ ಕೊನೆಯ ಭಾನುವಾರ ನಡೆಯಿತು. ಕೆಳಗಿನ ಪಾರ್ಕಿಂಗಿನಿಂದ ನಾಲ್ಕು ಕಾರುಗಳನ್ನು ಹೊರಗೆ ತೆಗೆಸಿ, ಬಾಡಿಗೆ ಕುರ್ಚಿ ಹಾಕಿಸಿ, ಎಲ್ಲರಿಗೂ ಒಂದೊಂದು ಸಮೋಸ, ಅರ್ಧ ಕಪ್ಪು ಚಹಾ. ನವರಾತ್ರಿಯ ದಿನಗಳಾದ್ದರಿಂದ ಪಕ್ಕದ ಮೈದಾನದಲ್ಲಿ ಗರ್ಬಾದ ಸ್ಪೀಕರಿನ ಪರೀಕ್ಷೆ ನಡೆದಿತ್ತು. 'ಹಲೋ ಹಲೋ ಚೆಕ್' ಎಂಬುದರ ನಡುವೆಯೇ ನಾನು ಲೆಕ್ಕಪತ್ರ ಓದಿದೆ. ಮೂರು ವರ್ಷದಿಂದ ನಾನೇ ಸೆಕ್ರೆಟರಿ. ಬ್ಯಾಂಕಿನಿಂದ ನಿವೃತ್ತಳಾದವಳು, ಲೆಕ್ಕ ಬರುತ್ತದೆ, ಮನೆಯಲ್ಲೇ ಇರುತ್ತಾಳೆ ಎಂದು ಕೂರಿಸಿದ್ದಾರೆ. ಏಳನೆಯ ವಿಷಯ ಬರುವ ಹೊತ್ತಿಗೆ ಅರ್ಧ ಜನ ಎದ್ದು ಹೋಗಿರುತ್ತಾರೆ ಎಂದು ನಾನು ಎಣಿಸಿದ್ದೆ. ಈ ಸಲ ಯಾರೂ ಏಳಲಿಲ್ಲ. ಏಳನೆಯ ವಿಷಯ ಹೀಗಿತ್ತು: ಪಂಪಿನ ಕೋಣೆಯ ಪಕ್ಕದ ಗೊಬ್ಬರದ ಗುಂಡಿಯನ್ನು ಮುಚ್ಚಿ ಆ ಜಾಗದಲ್ಲಿ ಎರಡು ಕಾರಿಗೆ ಸ್ಥಳ ಮಾಡುವುದು.

ಆ ಗುಂಡಿಯನ್ನು ನೋಡಿಕೊಳ್ಳುವವರು ನನ್ನ ಮಾವ. ಅವರಿಗೆ ಈಗ 86. ಆ ಎರಡು ಕಾರುಗಳಲ್ಲಿ ಒಂದು, ನನ್ನ ಮಗ ಬುಕ್ ಮಾಡಲಿದ್ದ ಕಾರು.

ಮಾವನ ಕಥೆ ಮುಂಬಯಿ ಕನ್ನಡಿಗರಿಗೆ ಹೊಸತೇನಲ್ಲ. ಅಂಕೋಲೆಯ ಕಡೆಯ ಹುಡುಗ, ಹದಿನಾರನೆಯ ವಯಸ್ಸಿಗೆ ಫೋರ್ಟಿನ ಹೋಟೆಲಿಗೆ ಬಂದು ಲೋಟ ತೊಳೆದ, ರಾತ್ರಿ ಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತಲೇ ಮೆಟ್ರಿಕ್ ಪಾಸಾದ, 1962ರಲ್ಲಿ ಬೆಸ್ಟ್ ಬಸ್ಸಿನ ಕಂಡಕ್ಟರಾದ. ಖಾಕಿ ಅಂಗಿ, ಚರ್ಮದ ಚೀಲ, ಟಿಕೀಟಿನ ತಗಡಿನ ಪೆಟ್ಟಿಗೆ, ಕೈಯಲ್ಲಿ ಪಂಚು. ಕೆಲಸವಿಲ್ಲದ ಹೊತ್ತಿನಲ್ಲೂ ಆ ಪಂಚನ್ನು ಟಿಕ್ ಟಿಕ್ ಎನ್ನಿಸುವ ಚಾಳಿ ಅವರಿಗೆ ಅಂಟಿಕೊಂಡಿತು. ನಾನು 1989ರಲ್ಲಿ ಮದುವೆಯಾಗಿ ಈ ಮನೆಗೆ ಬಂದಾಗ, ಊಟಕ್ಕೆ ಕೂತವರು ಎಡಗೈಯ ಬೆರಳುಗಳಲ್ಲಿ ಇಲ್ಲದ ಪಂಚನ್ನು ಒತ್ತುತ್ತಿದ್ದರು. ಇವತ್ತಿಗೂ ಒತ್ತುತ್ತಾರೆ.

ಬೆಸ್ಟ್ ಎಂದರೆ ಅವರಿಗೆ ಸಂಬಳ ಕೊಟ್ಟ ಕಂಪನಿ ಅಷ್ಟೇ ಆಗಿರಲಿಲ್ಲ, ಕುಲದ ಇತಿಹಾಸದ ಹಾಗೆ. 1874ರಲ್ಲಿ ಕೊಲಾಬಾದಿಂದ ಪಾಯಧುನಿಗೆ ಕುದುರೆ ಟ್ರಾಮು, 1907ರಲ್ಲಿ ವಿದ್ಯುತ್ ಟ್ರಾಮು, 1926ರ ಜುಲೈ 15ರಂದು ಅಫ್ಘನ್ ಚರ್ಚಿನಿಂದ ಕ್ರಾಫರ್ಡ್ ಮಾರ್ಕೆಟಿಗೆ ಮೊದಲ ಬಸ್ಸು, 1937ರಲ್ಲಿ ಡಬಲ್ ಡೆಕ್ಕರು. ಈ ಇಸವಿಗಳು ಅವರ ಬಾಯಿಗೆ ಮೊಮ್ಮಕ್ಕಳ ಹುಟ್ಟಿದ ದಿನಕ್ಕಿಂತ ಬೇಗ ಬರುತ್ತವೆ. 1964ರ ಮಾರ್ಚ್ 31ರ ರಾತ್ರಿ ಬೋರಿಬಂದರಿನಿಂದ ಹೊರಟ ಕೊನೆಯ ಟ್ರಾಮನ್ನು ನೋಡಲು ದಾದರಿನಲ್ಲಿ ನೆರೆದ ಜನಜಂಗುಳಿಯಲ್ಲಿ ತಾನೂ ಇದ್ದೆ ಎನ್ನುತ್ತಾರೆ. ಅದನ್ನು ಎಷ್ಟು ಸಲ ಕೇಳಿದ್ದೇನೆಂದರೆ, ನಾನೇ ಅಲ್ಲಿ ನಿಂತಿದ್ದೆನೇನೋ ಎಂಬಷ್ಟು.

ಇತರ ನಗರಗಳಲ್ಲಿರುವ ಓದುಗರಿಗಾಗಿ ಒಂದು ಮಾತು. ಬೆಂಗಳೂರಿನಲ್ಲಿ, ಚೆನ್ನೈಯಲ್ಲಿ, ಹೈದರಾಬಾದಿನಲ್ಲಿ ಸಿಟಿ ಬಸ್ಸು ಓಡಿಸುವುದು ರಾಜ್ಯ ಸರ್ಕಾರದ ನಿಗಮಗಳು. ಪುಣೆಯವರದು ಎರಡು ಪಾಲಿಕೆಗಳು ಸೇರಿ ನಡೆಸುವ ಕಂಪನಿ. ಮುಂಬಯಿಯಲ್ಲಿ 1947ರ ಆಗಸ್ಟಿನಿಂದ ಬಸ್ಸು ಮಹಾನಗರಪಾಲಿಕೆಯದೇ. ಚರಂಡಿ ಬಳಿಯುವ, ಕಸ ಎತ್ತುವ, ಕೆರೆಯ ನೀರು ಮನೆಗೆ ತರುವ, ಶಾಲೆ ನಡೆಸುವ ಪಾಲಿಕೆಯೇ ಬಸ್ಸಿಗೂ ಯಜಮಾನ. ಇನ್ನೊಂದು ವಿಶೇಷ: ದಕ್ಷಿಣ ಮುಂಬಯಿಗೆ ಕರೆಂಟು ಕೊಡುವುದೂ ಬೆಸ್ಟೇ. ಬಹಳ ವರ್ಷ ಕರೆಂಟಿನಲ್ಲಿ ಬಂದ ಲಾಭವನ್ನು ಬಸ್ಸಿನ ನಷ್ಟಕ್ಕೆ ತುಂಬುತ್ತಿದ್ದರು. ಮಲಬಾರ್ ಹಿಲ್ಲಿನ ಏಸಿ ಓಡಿದರೆ ಪರೇಲಿನ ಗಿರಣಿ ಕೆಲಸದವನ ಟಿಕೀಟು ಅಗ್ಗ. ಮಾವನಿಗೆ ಬಲು ಇಷ್ಟವಾದ ಲೆಕ್ಕ ಇದು. ನಾವಿರುವ ಭಾಂಡುಪಿನಲ್ಲಿ ಬೆಸ್ಟ್ ಬಸ್ಸು ಉಂಟು, ಬೆಸ್ಟ್ ಕರೆಂಟಿಲ್ಲ. ಮನೆ ಕೊಳ್ಳುವಾಗ ಇದನ್ನೊಂದು ದೋಷವೆಂದೇ ಅವರು ಎತ್ತಿ ತೋರಿಸಿದ್ದರು.

ಆ ಪಾಲಿಕೆಯ ಉಪಕಾರ ನಮ್ಮ ಮನೆಯ ಮೇಲೆ ಬಸ್ಸಿಗಿಂತ ಆಚೆಗೂ ಇದೆ. ನನ್ನ ಗಂಡ ಏಳನೆಯ ತರಗತಿಯವರೆಗೆ ಓದಿದ್ದು ಪಾಲಿಕೆಯ ಕನ್ನಡ ಶಾಲೆಯಲ್ಲಿ. ಎಂಟು ಭಾಷೆಗಳಲ್ಲಿ ಶಾಲೆ ನಡೆಸಿದ ಪಾಲಿಕೆ ಇದು. ಮರಾಠಿ, ಹಿಂದಿ, ಉರ್ದು, ಗುಜರಾತಿ, ಇಂಗ್ಲಿಷ್, ತಮಿಳು, ತೆಲುಗು, ಅವುಗಳ ಜೊತೆ ಕನ್ನಡ. ಇವರ ತರಗತಿಯಲ್ಲಿ ಹೋಟೆಲ್ ಮಾಣಿಗಳ, ಗಿರಣಿಯವರ, ಕಟ್ಟಡ ಕೆಲಸಕ್ಕೆ ಬಂದ ಗುಲ್ಬರ್ಗ, ಬಿಜಾಪುರದ ಕಡೆಯವರ ಮಕ್ಕಳು. ನಮ್ಮ ಮಗನನ್ನು ನಾವು ಅಲ್ಲಿಗೆ ಕಳಿಸಲಿಲ್ಲ. ಕಳಿಸುವ ಪ್ರಶ್ನೆಯೇ ಮನೆಯಲ್ಲಿ ಏಳಲಿಲ್ಲ. ಕನ್ನಡ ಶಾಲೆಗಳಲ್ಲಿ ಮಕ್ಕಳಿಲ್ಲ ಎಂದು ಸಂಘದ ಸಭೆಗಳಲ್ಲಿ ನಾವು ಮರುಗುವಾಗ ಮಾವ ಕಿವಿ ಕೇಳದವರ ಹಾಗೆ ಕೂತಿರುತ್ತಾರೆ. ಅವರ ಕಿವಿ ಚೆನ್ನಾಗಿಯೇ ಇದೆ.

ಇನ್ನು 2005ರ ಜುಲೈ 26. ಮುಂಬಯಿಯವರು ಯಾರೇ ಬರೆದರೂ ಈ ದಿನ ಬಂದೇ ಬರುತ್ತದೆ, ಕ್ಷಮಿಸಿ. ಆಗ ನನ್ನ ಕೆಲಸ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನಲ್ಲಿ. ಮೂರೂವರೆಗೆ ಕಚೇರಿ ಬಿಟ್ಟು ಕುರ್ಲಾ ಸ್ಟೇಷನ್ನಿಗೆ ಹೋಗುವ ಡಬಲ್ ಡೆಕ್ಕರು ಹತ್ತಿದೆ. ಒಂದು ಕಿಲೋಮೀಟರೂ ಹೋಗಲಿಲ್ಲ. ಮುಂದೆ ಬಸ್ಸು, ಹಿಂದೆ ಬಸ್ಸು, ಎರಡೂ ಬದಿಯಲ್ಲಿ ಕಂದು ನೀರು. ವಿಹಾರ್ ಕೆರೆಯಿಂದ ಹೊರಟು ಮಾಹಿಮಿನ ಖಾರಿಗೆ ಸೇರುವ ಮೀಠಿ ಎಂಬ ನದಿ ಆ ರಸ್ತೆಯ ಪಕ್ಕದಲ್ಲೇ ಇದೆ ಎಂಬುದು ನನಗೆ ಅಷ್ಟು ವರ್ಷ ಗೊತ್ತೇ ಇರಲಿಲ್ಲ. ಅದನ್ನು ನಾಲೆ ಎಂದೇ ತಿಳಿದಿದ್ದೆ. ಐದು ಗಂಟೆಗೆ ನೀರು ಮೆಟ್ಟಿಲು ಹತ್ತಿತು. ಆರಕ್ಕೆ ಕೆಳಗಿನ ಸೀಟುಗಳ ಮಟ್ಟಕ್ಕೆ ಬಂತು. ಡಬಲ್ ಡೆಕ್ಕರಿಗೆ ಇಬ್ಬರು ಕಂಡಕ್ಟರು. ಕೆಳಗಿನವನು ಎಲ್ಲರನ್ನೂ ಮೇಲಕ್ಕೆ ಹತ್ತಿಸಿದ, ಮುದುಕರನ್ನು ಮೊದಲು, ಮಕ್ಕಳನ್ನು ಕೈಯಿಂದ ಕೈಗೆ. ಮೇಲಿನವನು ಯಾರಲ್ಲಿ ಏನು ತಿನ್ನಲು ಇದೆ ಎಂದು ಕೇಳಿ ಲೆಕ್ಕ ಹಾಕಿದ. ಒಂದು ಪೊಟ್ಟಣ ಪಾರ್ಲೆ-ಜಿ ಬಿಸ್ಕತ್ತು, ನನ್ನ ಡಬ್ಬಿಯಲ್ಲಿ ಉಳಿದಿದ್ದ ಒಂದೂವರೆ ಚಪಾತಿ, ಒಬ್ಬಳ ಹತ್ತಿರ ಸಿದ್ಧಿವಿನಾಯಕನ ಪ್ರಸಾದದ ಪೇಡೆ. ಹೊರಗೆ ನಿಂತ ಕಾರುಗಳ ಮೇಲ್ಚಾವಣಿಯಷ್ಟೇ ಕಾಣುತ್ತಿತ್ತು. ಬೆಳಗಿನ ತನಕ ನಾವು ಹಾಗೆಯೇ ಇದ್ದೆವು. ಸೊಂಟದ ನೀರಿನಲ್ಲಿ, ಆಮೇಲೆ ಮೊಣಕಾಲಿನ ನೀರಿನಲ್ಲಿ, ಆಮೇಲೆ ಬರಿಯ ಕೆಸರಿನಲ್ಲಿ ನಡೆಯುತ್ತ ನಾನು ಮನೆ ಮುಟ್ಟಿದ್ದು 27ರ ಮಧ್ಯಾಹ್ನ.

ಗಂಡ ಅಳುತ್ತಿದ್ದರು. ಅತ್ತೆ ಬಿಸಿನೀರಿಟ್ಟರು. ಮಾವ ಕೇಳಿದ ಮೊದಲ ಪ್ರಶ್ನೆ: "ಕಂಡಕ್ಟರು ಬಸ್ಸು ಬಿಟ್ಟು ಇಳಿದ್ನಾ?"

ಇಲ್ಲ ಅಂದೆ.

"ಹಾಂ" ಎಂದು ಹೇಳಿ ಒಳಗೆ ಹೋದರು.

ಆ ಒಂದು ದಿನದಲ್ಲಿ ಸಾಂತಾಕ್ರೂಜಿನಲ್ಲಿ ಬಿದ್ದದ್ದು 944 ಮಿಲಿಮೀಟರ್ ಮಳೆ. ಊರಿನ ಹಳೆಯ ಚರಂಡಿ ಜಾಲವನ್ನು ಕಟ್ಟಿದ್ದು ಗಂಟೆಗೆ 25 ಮಿಲಿಮೀಟರ್ ಮಳೆಯ ಅಂದಾಜಿನಲ್ಲಿ, ಅದೂ ಸಮುದ್ರದಲ್ಲಿ ಇಳಿತ ಇದ್ದರೆ. ಮುಂಬಯಿಯ ಎಷ್ಟೋ ಚರಂಡಿಗಳ ಬಾಯಿ ಸಮುದ್ರದ ಭರತಿಗಿಂತ ತಗ್ಗಿನಲ್ಲಿದೆ. ಭರತಿ ಬಂದಾಗ ನೀರು ಹೊರಗೆ ಹೋಗುವ ಮಾತು ಹಾಗಿರಲಿ, ಸಮುದ್ರವೇ ಒಳಗೆ ಬರುತ್ತದೆ. ಇದನ್ನು ಗಂಟೆಗೆ 50 ಮಿಲಿಮೀಟರಿಗೆ ಏರಿಸಬೇಕೆಂದು 1993ರಲ್ಲೇ ವರದಿ ತಯಾರಾಗಿತ್ತು. ಪ್ರಳಯ ಆದಮೇಲೆ ಅದಕ್ಕೆ ಚುರುಕು ಬಂತು. ಹಾಜಿ ಅಲಿ, ಇರ್ಲಾ ಮೊದಲಾದ ಕಡೆ ದೊಡ್ಡ ಪಂಪಿಂಗ್ ಸ್ಟೇಷನ್ನುಗಳು ಬಂದವು. ಆದರೂ 944ರ ಎದುರು 50 ಅಂದರೆ ಏನು ಎಂದು ಲೆಕ್ಕ ಹಾಕಿದರೆ ನಿದ್ದೆ ಬರುವುದಿಲ್ಲ. ಅದಕ್ಕೇ ನಾವು ಭಾಂಡುಪಿನವರು ಜುಲೈಯಲ್ಲಿ ಪೇಪರು ತೆರೆದರೆ ಮೊದಲು ನೋಡುವುದು ಭರತಿಯ ಸಮಯ, ಆಮೇಲೆ ಏಳು ಕೆರೆಗಳಲ್ಲಿ ಎಷ್ಟು ಶೇಕಡಾ ನೀರು ತುಂಬಿತು ಎಂಬುದು. ಒಂದೇ ಮಳೆಗೆ ಹೆದರುವುದೂ ಅದೇ ಮಳೆಗೆ ಕೈ ಮುಗಿಯುವುದೂ.

ಗುಂಡಿ ಬಂದದ್ದು 2018ರಲ್ಲಿ. ಅದಕ್ಕೆ ಹಿಂದಿನ ವರ್ಷ ಪಾಲಿಕೆ ಒಂದು ನಿಯಮ ತಂದಿತ್ತು: 20,000 ಚದರ ಮೀಟರಿಗಿಂತ ದೊಡ್ಡ ಅಥವಾ ದಿನಕ್ಕೆ 100 ಕಿಲೋಗಿಂತ ಹೆಚ್ಚು ಕಸ ಮಾಡುವ ಸೊಸೈಟಿಗಳು ತಮ್ಮ ಹಸಿ ಕಸವನ್ನು ತಮ್ಮ ಆವರಣದಲ್ಲೇ ಗೊಬ್ಬರ ಮಾಡಬೇಕು. ನಮ್ಮದು 48 ಮನೆ. ನಾನು ಒಂದು ವಾರ ತೂಗಿಸಿ ನೋಡಿದ್ದೆ, ದಿನಕ್ಕೆ ಮೂವತ್ತು ಕಿಲೋ ದಾಟಲಿಲ್ಲ. ನಿಯಮ ನಮಗೆ ಅನ್ವಯಿಸುವುದಿಲ್ಲ ಎಂದು ಎಲ್ಲರೂ ನಿರಾಳವಾದರು. ಮೂರನೆಯ ಮಹಡಿಯ ಕಾಕೂ ಒಬ್ಬರೇ ಆಗಲಿಲ್ಲ. ಮರಾಠಿ ಶಾಲೆಯ ಟೀಚರಾಗಿ ನಿವೃತ್ತರಾದವರು. 'ಅನ್ವಯಿಸುವುದಿಲ್ಲ' ಎಂಬ ಮಾತು ಕೇಳಿದರೆ ಅವರಿಗೆ ಸಿಟ್ಟು ಬರುತ್ತದೆ. ಪೂರ್ವದ ಗಾಳಿ ಬೀಸಿದ ರಾತ್ರಿ ಕಾಂಜೂರಿನ ಕಸದ ವಾಸನೆ ನಮ್ಮ ಕಿಟಕಿಗೂ ಬರುತ್ತಿತ್ತು. ಕಿಟಕಿ ಮುಚ್ಚಲು ಓಡಿದವರಿಗೆ ಕಾಕೂ, "ಮುಚ್ಚಬೇಡಿ, ನಿಮ್ಮದೇ ಮೊನ್ನೆಯ ಊಟ ವಾಪಸ್ ಬಂದಿದೆ" ಎನ್ನುತ್ತಿದ್ದರು. ಪಾಲಿಕೆಯ ಘನತ್ಯಾಜ್ಯ ವಿಭಾಗದವರನ್ನು ಕರೆಸಿ, ಪಂಪಿನ ಕೋಣೆಯ ಪಕ್ಕದ ಪೇರಲೆ ಗಿಡದ ಬುಡದಲ್ಲಿ ಇಟ್ಟಿಗೆಯ ನಾಲ್ಕು ಅಂಕಣ ಕಟ್ಟಿಸಿದರು. ಇಟ್ಟಿಗೆಗಳ ನಡುವೆ ಗಾಳಿಗೆ ಸಂದು. ಒಂದು ಪದರ ಹಸಿ ಕಸ, ಒಂದು ಪದರ ಒಣ ಎಲೆ, ಮೇಲೆ ಒಂದಿಷ್ಟು ಹಳೆ ಗೊಬ್ಬರ, ಹುಳಿ ಮಜ್ಜಿಗೆ. ವಾರಕ್ಕೆರಡು ಸಲ ತಿರುವಿ ಹಾಕಬೇಕು. ವಾಸನೆ ಬಂದರೆ ನೀರು ಹೆಚ್ಚಾಯಿತು ಎಂದರ್ಥ, ಇನ್ನಷ್ಟು ಎಲೆ ಹಾಕು. ಇರುವೆ ಬಂದರೆ ಒಣಗಿತು ಎಂದರ್ಥ, ನೀರು ಚಿಮುಕಿಸು. ಐವತ್ತು ದಿನಕ್ಕೆ ಕಪ್ಪು ಪುಡಿ, ಕೈಗೆ ತಗೊಂಡರೆ ಮೊದಲ ಮಳೆಯ ವಾಸನೆ.

ಕಾಕೂ 2021ರಲ್ಲಿ ಪುಣೆಗೆ, ಮಗಳ ಮನೆಗೆ ಹೋದರು. ಹೋಗುವಾಗ ಕುಂಟೆಯನ್ನು ಮಾವನ ಕೈಗೆ ಕೊಟ್ಟರು. ಅದೇ ವರ್ಷ ಅತ್ತೆ ತೀರಿಕೊಂಡಿದ್ದರು. ಮಾವ ಮಾತು ಬಿಟ್ಟಿದ್ದರು, ಊಟ ಅರ್ಧಕ್ಕೆ ಬಿಡುತ್ತಿದ್ದರು, ಮಧ್ಯಾಹ್ನ ಮೂರಕ್ಕೆ ಎದ್ದು ಡ್ಯೂಟಿಗೆ ಹೊತ್ತಾಯಿತು ಎಂದು ಅಂಗಿ ಹುಡುಕುತ್ತಿದ್ದರು. ಕುಂಟೆ ಬಂದಮೇಲೆ ಅವರಿಗೊಂದು ಶಿಫ್ಟು ಸಿಕ್ಕಿತು. ಬೆಳಿಗ್ಗೆ ಏಳಕ್ಕೆ ಕೆಳಗೆ. ಯಾರ ಮನೆಯ ಬಕೆಟ್ಟಿನಲ್ಲಿ ಹಾಲಿನ ಪ್ಯಾಕೆಟ್ಟು ಸೇರಿಕೊಂಡಿದೆ ನೋಡಿ ವಾಪಸ್ ಕಳಿಸುವುದು. "ಎರಡನೇ ಮಾಳಿಗೆ ಪ್ಯಾಸೆಂಜರ್, ತಪ್ಪು ಬಸ್ಸು ಹತ್ತಿದೆ ನಿಮ್ಮ ಪ್ಲಾಸ್ಟಿಕ್ಕು" ಎಂದು ಮರಾಠಿಯಲ್ಲಿ ಕೂಗುವುದು. ಮಕ್ಕಳಿಗೆ ಆ ಅಜ್ಜ ಇಷ್ಟ. ದೊಡ್ಡವರಿಗೆ ಸ್ವಲ್ಪ ಕಿರಿಕಿರಿ.

ಈ ನಡುವೆ ಕಾರುಗಳು ಹೆಚ್ಚಿದವು. ನಾವು ಬಂದಾಗ ಇಡೀ ಕಟ್ಟಡಕ್ಕೆ ಮೂರು ಕಾರು, ಈಗ 37. ಏಕೆ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಮೊದಲು ನಮ್ಮ ಗೇಟಿನ ಎದುರು ಸ್ಟೇಷನ್ನಿಗೆ ಹೋಗುವ ಬಸ್ಸಿಗೆ ಸಾಲು ನಿಲ್ಲುತ್ತಿತ್ತು. ಆಮೇಲೆ ಶೇರ್ ರಿಕ್ಷಾ ಬಂತು, ಐದು ನಿಮಿಷ ಉಳಿಯುತ್ತದೆ ಎಂದು ನಾವು ಅದಕ್ಕೆ ಹೋದೆವು. ಸಾಲು ಕರಗಿತು. ಊರಿನ ಒಟ್ಟು ಲೆಕ್ಕವೂ ಅದೇ ದಿಕ್ಕಿನದು: ಒಂದು ಕಾಲಕ್ಕೆ ಬೆಸ್ಟ್ ಬಸ್ಸುಗಳ ಸಂಖ್ಯೆ 4,000 ದಾಟಿತ್ತು, ಈಗ 3,000ಕ್ಕೂ ಕಡಿಮೆ, ಅವುಗಳಲ್ಲೂ ಬಹುಪಾಲು ಗುತ್ತಿಗೆದಾರರಿಂದ ಬಾಡಿಗೆಗೆ ಪಡೆದವು. 2019ರಲ್ಲಿ ಕನಿಷ್ಠ ಟಿಕೀಟು 5 ರೂಪಾಯಿಗೆ ಇಳಿಸಿದಾಗ ಬಸ್ಸು ಮತ್ತೆ ತುಂಬಿತು. 2025ರ ಮೇಯಲ್ಲಿ ಅದು 10 ಆಯಿತು. ಹಳೆಯ ಡೀಸೆಲ್ ಡಬಲ್ ಡೆಕ್ಕರಿನ ಕೊನೆಯ ಓಟ 2023ರ ಸೆಪ್ಟೆಂಬರಿನಲ್ಲಿ. ಅದಕ್ಕೆ ಹೂವಿನ ಹಾರ ಹಾಕಿದ್ದನ್ನು ಟಿವಿಯಲ್ಲಿ ನೋಡಿ ಮಾವ, "ಹಾರ ಹಾಕಲಿಕ್ಕೆ ಜನ ಉಂಟು, ಹತ್ತಲಿಕ್ಕೆ ಇರಲಿಲ್ಲ" ಅಂದರು. ಇದು ಪೂರ್ತಿ ನ್ಯಾಯದ ಮಾತಲ್ಲ. ಬಸ್ಸೇ ಕಡಿಮೆಯಾದರೆ ಜನ ಹತ್ತುವುದು ಹೇಗೆ? ಆದರೆ ಟೀವಿಯ ಎದುರು ಕೂತಿದ್ದ ನಾಲ್ವರಲ್ಲಿ ಆ ವಾರ ಬಸ್ಸು ಹತ್ತಿದವರು ಅವರೊಬ್ಬರೇ.

ಗುಂಡಿ ಉಳಿಸಲು ಯಾರನ್ನಾದರೂ ಕೇಳೋಣವೆಂದು ನಾನು ಯೋಚಿಸಿದ್ದೂ ಉಂಟು. ಮುಂಬಯಿಯ 227 ನಗರಸೇವಕರ ಅವಧಿ 2022ರ ಮಾರ್ಚಿನಲ್ಲೇ ಮುಗಿದಿತ್ತು. ಮುಂದಿನ ಚುನಾವಣೆ ನಡೆದದ್ದು ಈ ವರ್ಷದ ಜನವರಿಯಲ್ಲಿ. ಸುಮಾರು ನಾಲ್ಕು ವರ್ಷ ಇಷ್ಟು ದೊಡ್ಡ ಊರಿಗೆ ಜನ ಆರಿಸಿದ ಪ್ರತಿನಿಧಿಗಳಿಲ್ಲದೆ ನಡೆಯಿತು. ಅದನ್ನು ನಾನು ಗಮನಿಸಿದ್ದು ನನಗೆ ಒಬ್ಬರು ಬೇಕಾದಾಗ. ಇದ್ದಿದ್ದರೂ ನಾನು ಹೋಗುತ್ತಿದ್ದೆನೇ? ಮಗ ಫೋನಿನಲ್ಲಿ, "ಅಮ್ಮ, ಡೆಲಿವರಿ ದೀಪಾವಳಿಗೆ. ಜಾಗ ಇದ್ರೆ ಮಾತ್ರ ಬುಕ್ ಮಾಡ್ತೇನೆ" ಎನ್ನುತ್ತಿದ್ದ. ಸೊಸೆಗೆ ಏಳನೆಯ ತಿಂಗಳು. ಅವಳು ಲೋಕಲ್ ಟ್ರೇನಿನಲ್ಲಿ ಠಾಣೆಗೆ ಹೋಗಿ ಬರುವುದು ನನಗೂ ಸಂಕಟವೇ. ಕಾರು ಬೇಕೆನ್ನುವವರೆಲ್ಲ ದುಷ್ಟರು ಎಂದು ಬರೆಯಲು ನನಗೆ ಬಾಯಿಲ್ಲ.

ಸಭೆಯಲ್ಲಿ ಚರ್ಚೆ ಅಂಥದ್ದೇನೂ ಆಗಲಿಲ್ಲ. ನೊಣ, ಇಲಿ ಎಂದು ಒಬ್ಬರು. ಪಾಲಿಕೆಯ ಗಾಡಿ ದಿನಾ ಬರುತ್ತದಲ್ಲ, ಅದಕ್ಕೆ ಕೊಟ್ಟರಾಯಿತು ಎಂದು ಇನ್ನೊಬ್ಬರು. ನಿಯಮ ನಮಗೆ ಅನ್ವಯಿಸುವುದಿಲ್ಲ ಎಂದು ಚೇರ್ಮನ್ನರು. ಕಾಕೂ ಇದ್ದಿದ್ದರೆ ಎಂದುಕೊಂಡೆ. ಮಾವ ಕಂಬದ ಪಕ್ಕದ ಕುರ್ಚಿಯಲ್ಲಿ ಕೂತು ಸಮೋಸವನ್ನು ಕರ್ಚೀಫಿನಲ್ಲಿ ಸುತ್ತಿಡುತ್ತಿದ್ದರು. ಫ್ಲ್ಯಾಟು ನನ್ನ ಮತ್ತು ಗಂಡನ ಹೆಸರಿನಲ್ಲಿದೆ, ಮಾವನಿಗೆ ಓಟಿಲ್ಲ. ಗಂಡ ಅವತ್ತು ಊರಿನಲ್ಲಿದ್ದರು, ಓಟು ನನ್ನದು. ಠರಾವಿನ ಪರವಾಗಿ ಕೈ ಎತ್ತಿ ಎಂದು ನಾನೇ ಓದಿದೆ, ನಾನೇ ಎಣಿಸಿದೆ: 17. ವಿರುದ್ಧ ಎಂದು ನಾನೇ ಓದಿದೆ, ನಾನೇ ಎಣಿಸಿದೆ: 13. ಹಾಜರಿ ಪುಸ್ತಕದಲ್ಲಿ 31 ಸಹಿ ಇತ್ತು. ಆ ಒಂದು ನನ್ನದು. ಎರಡು ಸಲವೂ ನನ್ನ ಕೈಯಲ್ಲಿ ಪೆನ್ನು ಇತ್ತು ಎಂಬುದು ನಾನು ನನಗೆ ಕೊಟ್ಟುಕೊಂಡ ಕಾರಣ.

ಲಿಫ್ಟಿನಲ್ಲಿ ನಾವಿಬ್ಬರೇ. ಮಾವ ಎಡಗೈಯ ಬೆರಳು ಒತ್ತುತ್ತಿದ್ದರು.

"ತಂಗೀ, ಬಸ್ಸಿನಲ್ಲಿ ಮೂರು ನಮೂನಿ ಜನ ಇರ್ತ್ರು" ಅಂದರು. "ಟಿಕೀಟು ತಗೊಳ್ಳುವವ್ರು. ತಗೊಳ್ಳದೆ ಜಗಳ ಮಾಡುವವ್ರು. ಮೂರನೆಯವ್ರು ಕಂಡಕ್ಟರ್ ಹತ್ರ ಬಂದ ಕೂಡ್ಲೆ ಕಿಟಕಿ ಹೊರಗೆ ನೋಡ್ತ್ರು."

ನಾನು ಏನೂ ಹೇಳಲಿಲ್ಲ. ಅವರೂ ಮತ್ತೆ ಆ ಮಾತು ಎತ್ತಲಿಲ್ಲ.

ಗುಂಡಿ ಒಡೆದದ್ದು ಅಕ್ಟೋಬರಿನ ಎರಡನೆಯ ವಾರ. ಪೇರಲೆ ಗಿಡ ಉಳಿಯಿತು. ಮರ ಕಡಿಯಲು ಪಾಲಿಕೆಯ ಅನುಮತಿ ಬೇಕು ಎಂದು ನಾನು ಬರೆದು ಹಾಕಿದ್ದರಿಂದ. ಅಷ್ಟು ಧೈರ್ಯ ನನಗೆ ಆಮೇಲೆ ಬಂತು. ಗಿಡ ಉಳಿದದ್ದರಿಂದ ಎರಡು ಕಾರಿನ ಜಾಗ ಒಂದಕ್ಕೆ ಇಳಿಯಿತು, ಚೀಟಿ ಎತ್ತಿದಾಗ ಅದು ಐದನೆಯ ಮಹಡಿಯವರಿಗೆ ಹೋಯಿತು. ಮಗ ಕಾರು ಬುಕ್ ಮಾಡಲಿಲ್ಲ. ಡಿಸೆಂಬರಿನಲ್ಲಿ ಸೊಸೆ ಹೆತ್ತಳು, ಹೆಣ್ಣು ಮಗು, ಆಸ್ಪತ್ರೆಗೆ ರಿಕ್ಷಾದಲ್ಲೇ ಹೋದದ್ದು. ಈಗ ಆರು ಮನೆಯವರು ಸೇರಿ ಟೆರೇಸಿನ ಮೆಟ್ಟಿಲ ಹತ್ತಿರ ಎರಡು ನೀಲಿ ಡ್ರಮ್ಮು ಇಟ್ಟುಕೊಂಡಿದ್ದೇವೆ. ಉಳಿದವರದು ಪಾಲಿಕೆಯ ಗಾಡಿಗೆ ಹೋಗುತ್ತದೆ. ಮಾವ ಲಿಫ್ಟಿನಲ್ಲಿ ಮೇಲೆ ಹೋಗುತ್ತಾರೆ, ಆದರೆ ಮಕ್ಕಳು ಅಲ್ಲಿಗೆ ಬರುವುದಿಲ್ಲ, ಕೂಗಲು ಯಾರೂ ಇಲ್ಲ. ಒಂದು ಗಂಟೆಯ ಡ್ಯೂಟಿ ಇಪ್ಪತ್ತು ನಿಮಿಷಕ್ಕೆ ಬಂದಿದೆ. ಮಧ್ಯಾಹ್ನ ಮೂರಕ್ಕೆ ಅಂಗಿ ಹುಡುಕುವುದು ಮತ್ತೆ ಶುರುವಾಗಿದೆ, ದಿನಾ ಅಲ್ಲ.

ಗುಂಡಿ ಒಡೆದ ದಿನ ಕೊನೆಯ ಅಂಕಣದ ಗೊಬ್ಬರವನ್ನು ಅವರು ಜರಡಿ ಹಿಡಿದು ಚೀಲಕ್ಕೆ ತುಂಬಿಸಿದ್ದರು. ಹನ್ನೆರಡು ಕಿಲೋ. ಮುಲುಂಡಿನಲ್ಲಿ ಅವರ ಹಳೆಯ ಡಿಪೋದ ಗೆಳೆಯರೊಬ್ಬರಿದ್ದಾರೆ, ಡ್ರೈವರಾಗಿದ್ದವರು, ಬಾಲ್ಕನಿಯಲ್ಲಿ ಬದನೆ ಬೆಳೆಯುತ್ತಾರೆ. ಅವರಿಗೆ ಕೊಡಬೇಕು ಎಂದರು. ರಿಕ್ಷಾ ಕರೆಯುತ್ತೇನೆ ಅಂದೆ. ಕೇಳಲಿಲ್ಲ. ಬಸ್ಸಿಗೆ ಇಪ್ಪತ್ತೈದು ನಿಮಿಷ ನಿಂತೆವು. ಚೀಲವನ್ನು ನಾನೇ ಎತ್ತಿ ಹಾಕಿದೆ. ಕಂಡಕ್ಟರು ಸಣ್ಣ ವಯಸ್ಸಿನವನು, ಕೈಯಲ್ಲಿ ಟಿಕೀಟಿನ ಮಷೀನು. ಎರಡು ಟಿಕೀಟು ಕೊಟ್ಟು, ಕಾಲಿನ ಬಳಿಯ ಚೀಲ ನೋಡಿ, "ಆಜೋಬಾ, ಹ್ಯಾಚಾ ಲಗೇಜ್ ಲಾಗೇಲ್" ಎಂದ. ಅಜ್ಜಾ, ಇದಕ್ಕೆ ಲಗೇಜು ಕೊಡಬೇಕು.

ನಾನು ಪರ್ಸು ತೆಗೆಯುವ ಮೊದಲೇ ಮಾವ ಜೇಬಿಗೆ ಕೈ ಹಾಕಿದ್ದರು. ಲಗೇಜಿನ ಟಿಕೀಟು ಮಷೀನಿನಿಂದ ಬಂತು. ಅದನ್ನು ಬೆಳಕಿಗೆ ಹಿಡಿದು ಎರಡು ಸಲ ಓದಿದರು, ನಾಲ್ಕಾಗಿ ಮಡಚಿ ಅಂಗಿಯ ಜೇಬಿನಲ್ಲಿಟ್ಟರು, ನನ್ನ ಕಡೆ ತಿರುಗಿ ಹೇಳಿದರು: "ಹುಡುಗ ಸರಿ ಇದ್ದಾನೆ."